ಬೆಳೆಯುವ ಕಿವಿಗೆ ಅಚ್ಚು

ಅವಳನ್ನು ಎಲ್ಲರೂ ಅಚ್ಚಿನಕ್ಕ ಅಂತಲೇ ಕರೆಯುತ್ತಿದ್ದರು. ಕಿವಿ ಮಂದವಾದವರಿಗೆ ಯಂತ್ರ ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಕೆಲಸ. ಯಂತ್ರ ಕಿವಿಯ ಹಿಂದೆ ಕೂತರೆ ಸಾಲದು. ಅದರ ಸದ್ದನ್ನು ಒಳಕ್ಕೆ ಒಯ್ಯಲು ಕಿವಿಯ ಬಾಯಿಗೆ ಬಿರಡೆಯ ಹಾಗೆ ಕೂರುವ ಅಚ್ಚೊಂದು ಬೇಕು. ಒಬ್ಬರ ಅಚ್ಚು ಇನ್ನೊಬ್ಬರಿಗೆ ಆಗದು, ಒಂದೇ ತಲೆಯ ಎಡಗಿವಿಯದು ಬಲಗಿವಿಗೂ ಆಗದು. ಅವಳು ಮೊದಲು ಟಾರ್ಚು ಬಿಟ್ಟು ಕಿವಿಯೊಳಗೆ ನೋಡುತ್ತಿದ್ದಳು, ದಾರ ಕಟ್ಟಿದ ಹತ್ತಿಯುಂಡೆಯನ್ನು ಆಳಕ್ಕೆ ಇಡುತ್ತಿದ್ದಳು, ಎರಡು ಬಣ್ಣದ ಹಿಟ್ಟನ್ನು ಬೆರಳಲ್ಲೇ ನಾದಿ ಪಿಚಕಾರಿಯಿಂದ ತುಂಬುತ್ತಿದ್ದಳು. ಹಿಟ್ಟು ಗಟ್ಟಿಯಾದ ಮೇಲೆ ಮೆಲ್ಲಗೆ ತಿರುವಿ ಎಳೆದರೆ ಕಿವಿಯ ಒಳಗಿನ ಸಂದಿಗೊಂದಿಯೆಲ್ಲ ಅಂಗೈಗೆ ಬರುತ್ತಿತ್ತು. ಅದನ್ನು ಮೇಣಕ್ಕೆ ಅದ್ದಿ, ಗಾರೆಯಲ್ಲಿ ಹೂತು, ಆ ಗುಳಿಯಲ್ಲಿ ಗಟ್ಟಿ ಅಚ್ಚನ್ನು ಎರಕ ಹೊಯ್ದು, ಉಜ್ಜಿ, ಹೊಳಪು ಕೊಟ್ಟು ಕಳಿಸುವುದು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಗಾರೆ. ಮನೆಯಲ್ಲಿ ಹಿಟ್ಟು ಕಲಸುವಾಗ ಮಗಳು, "ಅಮ್ಮಾ, ಇದು ತಿನ್ನೋದಾ, ಕಿವಿಗೆ ಹಾಕೋದಾ?" ಎಂದು ರೇಗಿಸುತ್ತಿದ್ದಳು.

ಗಂಡನಿಗೆ ಕ್ಯಾಪ್ಟನ್ ಎಂದು ಹೆಸರು. ಕಟ್ಟಡದ ಸಾಮಾನು ಮಾರುವ ಅಂಗಡಿಯಲ್ಲಿ ಮ್ಯಾನೇಜರು. ತಲೆ ಬೋಳಾದ ಮೇಲೆ ಬಿಸಿಲಿಗೆಂದು ಹಾಕಿದ ಟೋಪಿ ಆಮೇಲೆ ನೆರಳಲ್ಲೂ ಇಳಿಯಲಿಲ್ಲ, ಹೆಸರು ಅಂಟಿಕೊಂಡಿತು. ಮನುಷ್ಯ ಕೆಟ್ಟವನಲ್ಲ. ಟಿವಿಯಲ್ಲಿ ಬೇರೆ ದೇಶದ ಮಕ್ಕಳ ಕಷ್ಟ ಕಂಡರೆ ತಟ್ಟೆ ಬಿಟ್ಟು ಏಳುವವನು. ಪಕ್ಕದ ಮನೆಯವರ ನಲ್ಲಿ ಸೋರಿದರೆ ಏಳುವವನಲ್ಲ. ಬೇರೆ ಮನೆಯವರು ರಜೆಯಲ್ಲಿ ಸಮುದ್ರ ನೋಡಲು ಹೋದರೆ ಈ ಮನೆಯವರು ಗಡಿ ದಾಟಿ ಬಡವರನ್ನು ನೋಡಲು ಹೋಗುತ್ತಿದ್ದರು. ದಾನಿಗಳು ಕೊಟ್ಟ ಯಂತ್ರಗಳ ಪೆಟ್ಟಿಗೆ, ಅಚ್ಚಿನಕ್ಕನ ಸಾಮಾನು, ಎದೆಯ ಮೇಲೆ ಕಿವಿಯ ಚಿತ್ರವಿರುವ ಮೂರು ಒಂದೇ ಬಣ್ಣದ ಅಂಗಿ. ಒಂದು ವಾರ ಶಿಬಿರ. ಗಂಡ ಜನರನ್ನು ಸಾಲು ನಿಲ್ಲಿಸುತ್ತಿದ್ದ, ಹೆಂಡತಿ ಅಚ್ಚು ತೆಗೆಯುತ್ತಿದ್ದಳು, ಮಗಳು ಫೋನು ಹಿಡಿದು ಕಾಯುತ್ತಿದ್ದಳು. ಯಂತ್ರ ಚಾಲೂ ಆಗಿ ಮೊದಲ ಸದ್ದು ಕಿವಿಗೆ ಬಿದ್ದಾಗ ಒಂದು ಮುಖ ಅರಳುತ್ತದಲ್ಲ, ಅದೇ ಅವಳಿಗೆ ಬೇಕಾದದ್ದು. ಆ ಮುಖ ತೋರಿಸಿದರೆ ಮುಂದಿನ ವರ್ಷದ ಯಂತ್ರಗಳು ಬರುತ್ತಿದ್ದವು.

ಮೊದಲ ವರ್ಷ ಆ ಮುಖಗಳನ್ನು ಕಂಡು ಅಚ್ಚಿನಕ್ಕ ಗೋಡೆಯ ಕಡೆ ತಿರುಗಿ ಅತ್ತಿದ್ದಳು. ಎರಡನೇ ವರ್ಷ ಕಣ್ಣು ತೇವವಾಗಿತ್ತು. ಅದು ಯಾವಾಗ ನಿಂತಿತೋ ಅವಳಿಗೇ ಗೊತ್ತಿಲ್ಲ. ದಿನವೂ ಬಿಸಿನೀರಲ್ಲಿ ಪಾತ್ರೆ ತೊಳೆಯುವವಳ ಕೈಗೆ ಬಿಸಿ ತಾಗದಂತೆ, ಈಗ ಅವಳ ಮುಂದೆ ಯಾರು ನಕ್ಕರೂ ಯಾರು ಅತ್ತರೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. "ಮುಂದಿನವರು ಬನ್ನಿ," ಅನ್ನುತ್ತಿದ್ದಳು, ಅಷ್ಟೇ.

ಅವರು ಒಂದೇ ಊರಿಗೆ ಎರಡನೇ ಸಲ ಹೋದವರಲ್ಲ. "ಹೋದ ಕಡೆಗೇ ಹೋದ್ರೆ ಕೊಡೋರಿಗೂ ಬೇಜಾರಾಗುತ್ತೆ," ಎನ್ನುವುದು ಕ್ಯಾಪ್ಟನ್ನನ ಲೆಕ್ಕ. ಹೀಗಾಗಿ ತನ್ನ ಕೈಕೆಲಸ ಒಂದು ವರ್ಷ ಕಳೆದ ಮೇಲೆ ಹೇಗಿರುತ್ತದೆಂದು ಅಚ್ಚಿನಕ್ಕ ನೋಡಿದ್ದೇ ಇಲ್ಲ. ಈ ವರ್ಷ ಹೋಗಬೇಕಾಗಿದ್ದ ದೇಶದ ಅನುಮತಿ ಕೊನೇ ಗಳಿಗೆಯಲ್ಲಿ ಸಿಗಲಿಲ್ಲ. ರಜೆ ಹಾಕಿಯಾಗಿತ್ತು, ಪೆಟ್ಟಿಗೆ ಕಟ್ಟಿಯಾಗಿತ್ತು. ವಿಧಿಯಿಲ್ಲದೆ ಹೋದ ವರ್ಷದ ಊರಿಗೇ ಹೋದರು. ಅದೇ ಆರೋಗ್ಯ ಕೇಂದ್ರ, ಅದೇ ಉದ್ದನೆಯ ಹಾಲ್, ಗೋಡೆಗೆ ಒರಗಿಸಿದ ಅದೇ ಕಬ್ಬಿಣದ ಕುರ್ಚಿಗಳು. ಬಾಗಿಲ ಮೇಲೆ ಮಾತ್ರ 'ಏನೂ ಇಲ್ಲದವರಿಗಾಗಿ' ಎಂಬ ಹೊಸ ಬ್ಯಾನರು. ಅದರ ತುಂಬ ಒಂದು ಹುಡುಗಿಯ ಮುಖ, ಅರಳಿದ ಕಣ್ಣು, ತೆರೆದ ಬಾಯಿ, ಬಿದ್ದುಹೋದ ಮುಂದಿನ ಹಲ್ಲಿನ ಜಾಗ. ಹೋದ ವರ್ಷದ ಮುಖಗಳಲ್ಲಿ ಮಗಳು ಆರಿಸಿದ್ದು.

ಎರಡನೇ ದಿನ ಬೆಳಿಗ್ಗೆ ಸಾಲು ಮುರಿದು ಒಬ್ಬಳು ಹೆಂಗಸು ಒಳಗೆ ಬಂದಳು. ಕೈ ಹಿಡಿದಿದ್ದ ಮಗುವಿಗೆ ಏಳು ವರ್ಷವಿದ್ದೀತು. ಹೆಂಗಸಿಗೆ ಬೀದಿಯ ತುದಿಯಲ್ಲಿ ಇಸ್ತ್ರಿ ಅಂಗಡಿ. ಮದುವೆಗೆ ಮುಂಚೆ ಇವರ ದೇಶದ ಹೋಟೆಲೊಂದರಲ್ಲಿ ಬಟ್ಟೆ ಒಗೆದವಳು, ಹಾಗಾಗಿ ಇವರ ಮಾತು ಅವಳ ಬಾಯಲ್ಲಿ ನೀರು ಕುಡಿದಷ್ಟು ಸಲೀಸು.

"ಅಮ್ಮಾ, ಇವಳೇ ನಮ್ಮ ಬ್ಯಾನರ್ ಹುಡುಗಿ!" ಎಂದು ಮಗಳು ಕುಣಿದಳು. "ಅಪ್ಪಾ, ಬನ್ನಿ! ಇವಳನ್ನ ಬ್ಯಾನರ್ ಕೆಳಗೆ ನಿಲ್ಲಿಸಿ ಒಂದು ತೆಗೀತೀನಿ."

"ತೆಗಿಯಮ್ಮಾ, ತೆಗಿ," ಎಂದಳು ಇಸ್ತ್ರಿಯವಳು. "ಮೇಲೆ ನೇತಾಡ್ತಾ ಇದಾಳಲ್ಲ, ಅವಳಿಗೆ ಚೆನ್ನಾಗಿ ಕೇಳಿಸುತ್ತೆ. ಕೆಳಗೆ ನಿಂತಿರೋಳಿಗೆ ಕೇಳಿಸಲ್ಲ."

ಮಗಳ ಫೋನು ಕೆಳಗಿಳಿಯಿತು.

ಅಚ್ಚಿನಕ್ಕ ಮಗುವನ್ನು ಕುರ್ಚಿಯಲ್ಲಿ ಕೂರಿಸಿ ಟಾರ್ಚು ಹಿಡಿದಳು. ಕಿವಿಯ ಬಾಯಲ್ಲಿ, ಅಚ್ಚಿನ ಅಂಚು ತಾಗುವ ಕಡೆ, ಮಾಸಿದ ಗಾಯದ ಗೆರೆ. ಅವಳು ಇಸ್ತ್ರಿಯವಳ ಕಡೆ ಕೈ ಚಾಚಿದಳು. ಇಸ್ತ್ರಿಯವಳು ಬಟ್ಟೆಯ ಗಂಟಿನಿಂದ ಹಳೆಯ ಅಚ್ಚನ್ನು ಬಿಚ್ಚಿ ಕೊಟ್ಟಳು. ಅದರ ಒಂದು ಮಗ್ಗುಲು ಯಾರೋ ಒರಟಾಗಿ ಉಜ್ಜಿದಂತಿತ್ತು.

ಉಳಿದ ಮಗ್ಗುಲು ನೋಡಿದರೆ ಸಾಕಾಗಿತ್ತು. ಅದು ದಪ್ಪವಾಗಿತ್ತು. ಹೋದ ವರ್ಷ ಇದೇ ಹಾಲ್‌ನಲ್ಲಿ ಕ್ಯಾಪ್ಟನ್ ಹೇಳಿದ್ದು ನೆನಪಾಯಿತು: "ಬೆಳೆಯೋ ಮಗು. ಬಟ್ಟೆ ತಗೊಳ್ಳೋವಾಗ ಒಂದು ಸೈಜು ದೊಡ್ಡದೇ ತಗೊಳ್ಳಲ್ವಾ? ನಾವೇನು ಮತ್ತೆ ಬರ್ತೀವಾ?" ಮಕ್ಕಳ ಅಚ್ಚುಗಳನ್ನೆಲ್ಲ ಅವಳು ಮೇಣಕ್ಕೆ ಇನ್ನೊಂದು ಸಲ ಅದ್ದಿದ್ದಳು. ಒಂದು ಅದ್ದು ಜಾಸ್ತಿಯಾದರೆ ಒಂದು ಪದರ ದಪ್ಪ. ಆ ಪದರದಷ್ಟು ಕಿವಿ ಬೆಳೆಯುವ ತನಕ ತಾಳಿಕೊಳ್ಳುವಷ್ಟು ಗಟ್ಟಿಯಲ್ಲ ಕಿವಿಯ ಚರ್ಮ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಬೇಡ ಎನ್ನಲು ಬಾಯಿ ತೆರೆಯಬೇಕಿತ್ತು, ತೆರೆದಿರಲಿಲ್ಲ.

"ಎರಡು ವಾರ ಖುಷಿಯಾಗಿ ಹಾಕ್ಕೊಂಡ್ಳು," ಎಂದಳು ಇಸ್ತ್ರಿಯವಳು. ಅವಳ ದನಿಯಲ್ಲಿ ಅಳುವೇನೂ ಇರಲಿಲ್ಲ, ಮಡಿಕೆ ಹಾಕಿದ ಬಟ್ಟೆಯ ಹಾಗೆ ನೀಟಾಗಿ ಹೇಳಿದಳು. "ಆಮೇಲೆ ಗಾಯ ಆಯ್ತು, ಕೀವು ಬಂತು. ಗಾಯ ಮಾಯೋ ತನಕ ತೆಗೆದಿಟ್ಟೆ. ಮತ್ತೆ ಹಾಕಿದ್ರೆ ಮತ್ತೆ ಗಾಯ. ನಾನೇ ಉಜ್ಜಿದೆ. ಸ್ವಲ್ಪ ದಿನ ಸರಿ ಹೋಯ್ತು. ಅಷ್ಟರಲ್ಲಿ ಕಿವಿ ದೊಡ್ಡದಾಯ್ತು, ಅಚ್ಚು ಸಡಿಲ ಆಯ್ತು, ಯಂತ್ರ ಕುಂಯ್ ಅಂತ ಕೂಗೋಕೆ ಶುರು. ಕ್ಲಾಸಲ್ಲಿ ಹುಡುಗರೆಲ್ಲ ನಗೋರು. ಟೀಚರು ಅಂದ್ರು, ಇದು ಹೀಗೆ ಕೂಗ್ತಾ ಇದ್ರೆ ನಾನು ಪಾಠ ಮಾಡೋದು ಹೇಗೆ, ಸರಿ ಮಾಡಿಸಿಕೊಂಡು ಕರ್ಕೊಂಡು ಬನ್ನಿ ಅಂತ. ಮನೇಲಿ ಕೂತಿದಾಳೆ."

ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡು ಮುಂದೆ ಬಂದ. "ಅದಕ್ಕೇನಮ್ಮಾ, ಹೊಸದು ಮಾಡಿಕೊಡ್ತೀವಿ. ನಾಳೆನೇ ಕೊಡ್ತೀವಿ."

"ಇದು ಬಿಗಿಯಾದಾಗ, ಸಡಿಲ ಆದಾಗ?"

"ಅದು... ಆಗ ನೋಡೋಣ."

"ಯಾರು ನೋಡೋದು?"

ಕ್ಯಾಪ್ಟನ್ ಹೆಂಡತಿಯ ಮುಖ ನೋಡಿದ. ಹೆಂಡತಿ ಅಚ್ಚು ನೋಡುತ್ತಿದ್ದಳು.

"ನೋಡಿ ಅಣ್ಣಾ," ಎಂದಳು ಇಸ್ತ್ರಿಯವಳು, "ರಾಜಧಾನೀಲಿ ಕಿವಿ ಕೇಳದ ಮಕ್ಕಳ ಹಾಸ್ಟೆಲ್ ಶಾಲೆ ಇದೆ. ಅಲ್ಲಿ ಕೈಯಲ್ಲೇ ಮಾತು ಕಲಿಸ್ತಾರೆ. ಈ ವಾರ ಮುಗಿಯೋದ್ರೊಳಗೆ ಸೇರಿಸಬೇಕು. ವರ್ಷಕ್ಕೆ ಎರಡು ಸಲ ನೋಡೋಕೆ ಬಿಡ್ತಾರಂತೆ. ನನ್ನ ಮಗು ನನ್ನ ಹತ್ರ ಇದ್ದು ಈ ಬೀದಿ ಶಾಲೆಗೇ ಹೋಗಲಿ ಅನ್ನೋದು ನನ್ನ ಆಸೆ. ಆದ್ರೆ ನಾಲ್ಕು ತಿಂಗಳು ಕೇಳಿಸಿ ಎಂಟು ತಿಂಗಳು ಕೇಳಿಸದೇ ಇರೋ ಬದುಕು ಬೇಡ ಅವಳಿಗೆ. ಮೊದಲನೇ ಸಲ ಕಿವುಡಾಗಿದ್ದು ಗೊತ್ತೇ ಇರಲಿಲ್ಲ ಅದಕ್ಕೆ. ಎರಡನೇ ಸಲ ಗೊತ್ತಾಯ್ತು. ಮಾಡೋರು ಇಲ್ಲೇ ಇರ್ತಾರೆ ಅಂದ್ರೆ ಮಾಡಿ. ಇಲ್ಲ ಅಂದ್ರೆ ಹೇಳಿಬಿಡಿ, ಬಟ್ಟೆ ಕಟ್ಟಿ ಕಳಿಸ್ತೀನಿ."

ಸಾಲಿನಲ್ಲಿ ನಿಂತವರಿಗೆ ಮಾತು ಅರ್ಥವಾಗದಿದ್ದರೂ ಏನೋ ನಡೆಯುತ್ತಿದೆಯೆಂದು ತಿಳಿಯಿತು. ಕತ್ತು ಚಾಚಿ ನೋಡಿದರು. ಅಚ್ಚಿನಕ್ಕನಿಗೆ ದುಃಖವಾಗಬೇಕಿತ್ತು, ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಒಸಡಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಅವಳ ಕಣ್ಣು ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಅದು ಇಸ್ತ್ರಿಯವಳ ಬಾಯಿಯ ಮೇಲೆ ನಿಂತಿತ್ತು. ಮುಂದಿನ ಎರಡು ಹಲ್ಲು ಕಟ್ಟಿಸಿದ್ದು. ಮೇಲುಗಡೆ ಒಸಡಿನ ಬಣ್ಣದ ಪಟ್ಟಿ, ಒಳ್ಳೆಯ ಹೊಳಪು.

"ಈ ಹಲ್ಲು ಎಲ್ಲಿ ಕಟ್ಟಿಸಿದ್ರಿ?"

ಇಸ್ತ್ರಿಯವಳು ತಬ್ಬಿಬ್ಬಾದಳು. "ನಾನು ಮಗಳ ಕಿವಿ ಬಗ್ಗೆ ಬಡ್ಕೋತಾ ಇದ್ರೆ ನೀವು ನನ್ನ ಹಲ್ಲು ನೋಡ್ತಾ ಇದೀರಾ?"

"ಈ ಊರಲ್ಲೇ ಕಟ್ಟಿಸಿದ್ದಾ?"

"ಹೂಂ. ಮಾರ್ಕೆಟ್ ಹಿಂದೆ ಒಬ್ಬ ಇದಾನೆ. ಯಾಕೆ, ನಿಮಗೂ ಬೇಕಾ?"

"ನಡೀರಿ," ಎಂದು ಅಚ್ಚಿನಕ್ಕ ಕೈಚೀಲ ತೆಗೆದುಕೊಂಡಳು.

"ಎಲ್ಲಿಗೆ?" ಎಂದ ಕ್ಯಾಪ್ಟನ್. "ಸಾಲು ಬಾಗಿಲು ದಾಟಿದೆ!"

"ದೊಡ್ಡೋರ ಕಿವಿ ಬೆಳೆಯಲ್ಲ, ಕಾಯುತ್ತೆ," ಎಂದಳು ಅವಳು. ಗಂಡನಿಗೆ ಎದುರಾಡಿದಳೆಂದು ಹೇಳುವಂತಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳಿದ ಹಾಗೆ ಹೇಳಿದ್ದಳು.

ಮಾರ್ಕೆಟ್ಟಿನ ಹಿಂದೆ, ಬೀಗ ರಿಪೇರಿಯವನಿಗೂ ಗಾಜು ಕತ್ತರಿಸುವವನಿಗೂ ನಡುವೆ, ಎರಡು ಬೆಂಚು ಹಿಡಿಸುವಷ್ಟು ಕೋಣೆ. ಬಾಗಿಲಲ್ಲಿ ನಿಂತಾಗಲೇ ಮೂಗು ಹೇಳಿತು: ಅಚ್ಚು ಎರೆಯಲು ತಾನು ಬಳಸುವ ಅದೇ ಪುಡಿ, ಅದೇ ದ್ರಾವಣದ ಚುರುಕು ವಾಸನೆ. ಗಾರೆಯ ಚೀಲ, ಕುದಿಯುವ ನೀರಿನ ಪಾತ್ರೆ, ಉಜ್ಜುವ ಮೋಟಾರು, ಹೊಳಪು ಕೊಡುವ ಬಟ್ಟೆಯ ಚಕ್ರ. ಅವಳ ಹಿಂದಿನ ಕೋಣೆಯನ್ನೇ ಎತ್ತಿ ತಂದು ಇಲ್ಲಿಟ್ಟ ಹಾಗಿತ್ತು, ಗೂಡಿನಲ್ಲಿ ಕಿವಿಗಳ ಬದಲು ಹಲ್ಲುಗಳ ಸಾಲು. ಗಡಿ ದಾಟಿ ಪೆಟ್ಟಿಗೆ ಹೊತ್ತು ಬಂದವರಲ್ಲಿ ಒಬ್ಬರಾದರೂ, ನಿಮ್ಮಲ್ಲಿ ಏನೇನಿದೆ ಎಂದು ಈ ಊರಿನವರನ್ನು ಕೇಳಿದ್ದರೆ? ಕೇಳುವುದು ಹೇಗೆ? ಏನೂ ಇಲ್ಲದವರು ಎಂದು ಬ್ಯಾನರಿನಲ್ಲೇ ಬರೆಸಿದ್ದಾಗಿತ್ತಲ್ಲ.

ಹಲ್ಲು ಕಟ್ಟುವವನು ದಪ್ಪ ಕನ್ನಡಕದ, ಕುಳ್ಳನೆಯ ಮನುಷ್ಯ. ಅಚ್ಚಿನಕ್ಕ ಅವನನ್ನು ಹಲ್ಲಿನಣ್ಣ ಎಂದಳು, ಕಿವಿಯ ಅಚ್ಚು ಮಾಡುವುದನ್ನು ಕಲಿಯುತ್ತೀರಾ ಎಂದು ಕೇಳಿದಳು. ಇಸ್ತ್ರಿಯವಳು ನಡುವೆ ನಿಂತು ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿಸಿದಳು. ತನ್ನದೂ ಸ್ವಲ್ಪ ಸೇರಿಸಿದಳು.

"ಏನಂತಾರೆ?" ಎಂದಳು ಅಚ್ಚಿನಕ್ಕ.

"ಬಾಯಿ ಬಿಟ್ರೆ ಹಲ್ಲು ಕಾಣುತ್ತೆ, ಕಿವಿ ಬಾಯಿ ಬಿಡಲ್ವಲ್ಲ ಅಂತಾನೆ. ಹೆದರಿಕೊಂಡಿದಾನೆ. ನಾನು ಅಂದೆ, ನನ್ನ ಹಲ್ಲಿಗೆ ಮೂರು ಸಲ ಓಡಾಡಿಸಿದೆಯಲ್ಲ, ಆ ಪಾಪ ಹೀಗಾದ್ರೂ ತೊಳ್ಕೋ ಅಂತ."

ಹಲ್ಲಿನಣ್ಣ ಹಳೆಯ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಏನೋ ಗೊಣಗಿದ.

"ಇದನ್ನ ಮಾಡಿದೋರು ಯಾರು, ಇಷ್ಟು ದಪ್ಪ ಯಾಕೆ ಅಂತ ಕೇಳ್ತಾನೆ."

"ನಾನು ಅನ್ನಿ," ಎಂದಳು ಅಚ್ಚಿನಕ್ಕ.

ಇಸ್ತ್ರಿಯವಳು ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಹಾಗೆಯೇ ದಾಟಿಸಿದಳು.

ಆ ದಿನ ಮಧ್ಯಾಹ್ನದಿಂದ ಅಚ್ಚಿನಕ್ಕ ಬೆಳಿಗ್ಗೆ ಶಿಬಿರ, ಮಧ್ಯಾಹ್ನ ಹಲ್ಲಿನ ಅಂಗಡಿ ಎಂದು ಕೈಯನ್ನು ಎರಡಾಗಿ ಹಂಚಿದಳು. ಎರಕ, ಉಜ್ಜುವುದು, ಹೊಳಪು ಅವನಿಗೆ ಕಲಿಸಬೇಕಾಗಿರಲಿಲ್ಲ. ಕಲಿಸಬೇಕಾದದ್ದು ಕಿವಿಯೊಳಗೆ ಹೋಗುವ ದಾರಿ. ಗುಗ್ಗೆ ಇದ್ದರೆ, ಕೀವಿದ್ದರೆ ಮುಟ್ಟದೆ ಡಾಕ್ಟರ ಹತ್ತಿರ ಕಳಿಸುವುದು, ಹತ್ತಿಯುಂಡೆ ಎಲ್ಲಿ ನಿಲ್ಲಬೇಕು, ಹಿಟ್ಟನ್ನು ಎಷ್ಟು ಒತ್ತಬೇಕು. ಮೇಣಕ್ಕೆ ಒಂದೇ ಅದ್ದು. ಅದನ್ನು ಅವಳು ಬೆರಳೆತ್ತಿ ತೋರಿಸಿದಳು. ಒಂದು. ಮಗು ಬೆಂಚಿನ ತುದಿಯಲ್ಲಿ ಕೂತು ಹಳೆಯ ಗಾರೆಯ ದವಡೆಗಳನ್ನು ಒಂದಕ್ಕೊಂದು ಕಚ್ಚಿಸುತ್ತಿತ್ತು.

ಶಿಬಿರದಲ್ಲಿ ಸಾಲು ನಿಧಾನವಾಯಿತು. ಕ್ಯಾಪ್ಟನ್ ಮೊದಲು ಬೇಡಿಕೊಂಡ, ಆಮೇಲೆ ಮಾತು ಬಿಟ್ಟ. ಮಗಳು ಯಾವ ಕಡೆಯೂ ಸೇರದೆ ಕುರ್ಚಿಗಳನ್ನು ಜೋಡಿಸಿದಳು. ಫೋನನ್ನು ಚೀಲದಲ್ಲಿ ಇಟ್ಟಿದ್ದಳು.

ಹೊರಡುವ ಹಿಂದಿನ ದಿನ ಹಲ್ಲಿನಣ್ಣನಿಗೆ ನಿಜವಾದ ಕಿವಿಯೊಂದು ಬೇಕಾಯಿತು. ಮಗುವಿನ ಕಿವಿಗೆ ಕೈ ಹಾಕುವ ಮುಂಚೆ ಅವನಿಗೆ ಧೈರ್ಯ ಬರಬೇಕಿತ್ತು. ಇಸ್ತ್ರಿಯವಳ ಕಿವಿಯಲ್ಲಿ ಒಂದು ಸಲ ಮಾಡಿದ. ಹಿಟ್ಟು ಒಳಗೆ ಪೂರ್ತಿ ಹೋಗದೆ ಅಚ್ಚು ಮೊಂಡಾಗಿ ಬಂತು. "ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ, ಇವನಿಗೆ ಎರಡೂ ಇದ್ದು ಕೈಯೇ ಇಲ್ಲ," ಎಂದು ಇಸ್ತ್ರಿಯವಳು ಕಿವಿ ಉಜ್ಜಿಕೊಂಡಳು. ಆಗ ಅಚ್ಚಿನಕ್ಕ ತಾನೇ ಕುರ್ಚಿಯಲ್ಲಿ ಕೂತಳು. ಬಲಗಿವಿ, ಆಮೇಲೆ ಎಡಗಿವಿ.

ಎಷ್ಟೋ ಕಿವಿಗಳನ್ನು ತುಂಬಿದವಳ ಕಿವಿಯನ್ನು ಯಾರೂ ತುಂಬಿರಲಿಲ್ಲ. ಹಿಟ್ಟು ತಣ್ಣಗೆ ಒಳಗಿಳಿಯಿತು. ಮೊದಲು ಗಾಜು ಕತ್ತರಿಸುವ ಸದ್ದು ಹೋಯಿತು, ಆಮೇಲೆ ಬೀದಿ, ಆಮೇಲೆ ಇಸ್ತ್ರಿಯವಳ ಬಾಯಿ. ಉಳಿದದ್ದು ತನ್ನ ಉಸಿರು, ಬಾವಿಯ ತಳದಿಂದ ಬಂದ ಹಾಗೆ. ಹೆದರಿಕೆಯಾಗಲಿಲ್ಲ. ನೆಮ್ಮದಿ ಅನ್ನುವಂತೆಯೂ ಇರಲಿಲ್ಲ. ಒಳಗಿದ್ದ ಮರಗಟ್ಟುವಿಕೆ ಹೊರಗೂ ಬಂದು ಎರಡೂ ಒಂದೇ ಮಟ್ಟಕ್ಕೆ ನಿಂತವು.

ಅಷ್ಟರಲ್ಲಿ ಬಾಗಿಲಲ್ಲಿ ಟೋಪಿ ಕಾಣಿಸಿತು. ಕ್ಯಾಪ್ಟನ್ ಕೈ ಬೀಸುತ್ತಿದ್ದ. ಬಾಯಿ ಅಗಲವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕತ್ತಿನ ನರ ಉಬ್ಬಿತ್ತು. ಅವಳು ಅವನನ್ನು ಇಷ್ಟು ಹೊತ್ತು ನೆಟ್ಟಗೆ ನೋಡಿ ಬಹಳ ವರ್ಷವಾಗಿತ್ತು. ಮುದುಕನಾಗುತ್ತಿದ್ದಾನೆ ಅನ್ನಿಸಿತು. ದನಿಯಿಲ್ಲದೆ ನೋಡಿದರೆ ಬೈಯುತ್ತಿರುವವನಂತಲ್ಲ, ಏನೋ ಕಳೆದುಕೊಂಡು ಹುಡುಕುತ್ತಿರುವವನಂತೆ ಕಂಡ. ಇಸ್ತ್ರಿಯವಳು ಅವನಿಗೆ ಏನೋ ಹೇಳಿದಳು, ಅಚ್ಚಿನಕ್ಕನ ಕಿವಿಗಳನ್ನು ತೋರಿಸಿದಳು. ಅವನ ಬಾಯಿ ನಿಂತಿತು. ಹಿಟ್ಟು ಗಟ್ಟಿಯಾಗುವ ತನಕ ಅವನೂ ಬಾಗಿಲಲ್ಲೇ ನಿಲ್ಲಬೇಕಾಯಿತು.

ಹಲ್ಲಿನಣ್ಣ ಮೆಲ್ಲಗೆ ತಿರುವಿ ಎಳೆದ. ಎರಡೂ ಅಚ್ಚು ಸಂದಿಗೊಂದಿಯ ಸಮೇತ ಪೂರ್ತಿ ಬಂದವು.

"ಈಗ ಕೇಳಿಸುತ್ತಾ?" ಎಂದ ಕ್ಯಾಪ್ಟನ್, ಮೆಲ್ಲಗೆ.

"ಹೇಳಿ."

"ನಾಳೆ ಮಧ್ಯಾಹ್ನ ಗಾಡಿ. ಸಾಲಲ್ಲಿ ಅರ್ಧಕ್ಕರ್ಧ ಜನ ಉಳ್ಕೊಂಡಿದಾರೆ. ಯಂತ್ರ ವಾಪಸ್ ತಗೊಂಡು ಹೋದ್ರೆ ಕೊಟ್ಟೋರು ನನ್ನ ಮುಖ ನೋಡ್ತಾರಾ?"

"ವಾಪಸ್ ಯಾಕೆ? ಯಂತ್ರ ಆರೋಗ್ಯ ಕೇಂದ್ರದಲ್ಲಿ ಇರಲಿ. ನನ್ನ ಹಿಟ್ಟಿನ ಡಬ್ಬಿ, ಟಾರ್ಚು ಇವರ ಹತ್ರ ಇರಲಿ. ಅಚ್ಚು ಇವರು ಮಾಡ್ತಾರೆ."

"ಇವನು ಮಾಡಿದ್ರೆ ನಾವು ಯಾತಕ್ಕೆ ಬರೋದು ಮುಂದಿನ ಸಲ?"

"ಬರೋದು ಬೇಡ."

ಅವನು ಟೋಪಿ ತೆಗೆದು ಬೋಳುತಲೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಹಲ್ಲಿನಣ್ಣ ಮಗುವಿನ ಅಚ್ಚು ತೆಗೆದ. ಅಚ್ಚಿನಕ್ಕ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು. ಮುಟ್ಟಿದರೆ ಅದು ಮತ್ತೆ ಅವಳ ಕೆಲಸವಾಗುತ್ತಿತ್ತು. ಗಾರೆ, ಪುಡಿ, ಕುದಿನೀರು. ಮೊದಲನೇ ಅಚ್ಚು ಕಿವಿಗಿಟ್ಟ ಕೂಡಲೇ ಯಂತ್ರ ಕುಂಯ್ ಎಂದಿತು. ಇಸ್ತ್ರಿಯವಳ ಮುಖ ಇಳಿಯಿತು. ಹಲ್ಲಿನಣ್ಣ ತನ್ನ ಭಾಷೆಯಲ್ಲಿ ತನ್ನನ್ನೇ ಬೈದುಕೊಂಡ, ಆ ಬೈಗುಳವನ್ನು ಯಾರೂ ದಾಟಿಸಬೇಕಾಗಿರಲಿಲ್ಲ. ಉಜ್ಜುವಾಗ ಒಂದು ಕಡೆ ಜಾಸ್ತಿ ತೆಗೆದುಬಿಟ್ಟಿದ್ದ. ಹಲ್ಲಿನ ಪಟ್ಟಿಯ ಅಂಚು ತೆಳ್ಳಗಿರಬೇಕು, ಕಿವಿಯದು ಹಾಗಲ್ಲ. ಮತ್ತೆ ಗಾರೆ ಕಲಸಿದ.

ಎರಡನೆಯದು ಪಾತ್ರೆಯಲ್ಲಿ ಕುದಿಯುತ್ತಿರುವಾಗ ಬೀದಿಯಲ್ಲಿ ಗಾಡಿಯ ಹಾರನ್ನು. ಮಗಳು ಓಡಿಬಂದಳು. "ಅಮ್ಮಾ, ಅಪ್ಪ ಕರೀತಿದಾರೆ. ಡ್ರೈವರು ನಿಲ್ಲಲ್ಲ ಅಂತಿದಾನೆ."

"ನೀವು ಹೋಗಿ. ನಾನು ನಾಳೆ ಬಸ್ಸಿಗೆ ಬರ್ತೀನಿ."

"ಒಬ್ಬಳೇ? ಗಡಿ ದಾಟಿ?"

"ಬಸ್ಸು ದಾಟುತ್ತೆ. ನಾನು ಕೂತಿರ್ತೀನಿ."

ಮಗಳು ನಕ್ಕಳು, ಆಮೇಲೆ ನಗು ನಿಂತಿತು. ಚೀಲದಿಂದ ಸ್ವೆಟರು ತೆಗೆದು ಅಮ್ಮನ ತೊಡೆಯ ಮೇಲೆ ಹಾಕಿದಳು. "ರಾತ್ರಿ ಚಳಿ ಇರುತ್ತೆ," ಎಂದು ಹೇಳಿ ಹೋದಳು. ಹಾರನ್ನು ಇನ್ನೊಂದು ಸಲ ಕೂಗಿತು, ಉದ್ದಕ್ಕೆ. ಮತ್ತೆ ಕೂಗಲಿಲ್ಲ.

ಎರಡನೇ ಅಚ್ಚು ಒಸಡಿನ ಬಣ್ಣದ್ದೇ ಆಗಿತ್ತು, ಅವನ ಬಳಿ ಇದ್ದ ಪುಡಿ ಅದೊಂದೇ. ಹಲ್ಲಿನಣ್ಣ ಅದನ್ನು ತೊಳೆದು, ಒರೆಸಿ, ಉಸಿರು ಬಿಗಿಹಿಡಿದು ಮಗುವಿನ ಕಿವಿಗೆ ಕೂರಿಸಿದ. ನಳಿಕೆ ಸಿಕ್ಕಿಸಿ ಯಂತ್ರ ಚಾಲೂ ಮಾಡಿದ. ಎಲ್ಲರೂ ಕೂಗಿಗಾಗಿ ಕಾದರು. ಯಂತ್ರ ಕೂಗಲಿಲ್ಲ.

ಮಗುವಿನ ಮುಖ ಅರಳಲಿಲ್ಲ. ಅದು ಹುಬ್ಬು ಗಂಟುಹಾಕಿ ಗಾಜಿನ ಅಂಗಡಿಯ ಕಡೆ ತಿರುಗಿತು, ಆಮೇಲೆ ಮೋಟಾರಿನ ಕಡೆ. ಅಮ್ಮನ ಸೆರಗು ಜಗ್ಗಿ ಏನೋ ಹೇಳಿತು.

"ಏನಂತೆ?"

"ಈ ಮಾಮನ ಮೋಟಾರು ನಿಲ್ಲಿಸು, ಗಲಾಟೆ ಅಂತಾಳೆ." ಇಸ್ತ್ರಿಯವಳು ಮಗುವಿನ ಕಿವಿಯ ಹಿಂದೆ ಬೆರಳಾಡಿಸಿ ಬಿಗಿ ನೋಡಿದಳು. ಹಲ್ಲಿನಣ್ಣನ ಕಡೆ ತಿರುಗಿ ಗದರಿಸುವ ದನಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವನು ಕೋಣೆಯ ನಾಲ್ಕು ಗೋಡೆ ತೋರಿಸಿ ಭುಜ ಹಾರಿಸಿದ.

"ಇದು ಸಡಿಲ ಆದಾಗ ಇರ್ತೀಯಾ ಅಂದೆ. ಇಪ್ಪತ್ತು ವರ್ಷದಿಂದ ಇಲ್ಲೇ ಇದೀನಿ, ಎಲ್ಲಿಗೆ ಹೋಗಲಿ ಅಂತಾನೆ." ಅವಳು ಮಗುವನ್ನು ಬೆಂಚಿನಿಂದ ಇಳಿಸಿದಳು. "ಶಾಲೆ ಬಿಡೋಕೆ ಇನ್ನೂ ಹೊತ್ತಿದೆ. ಟೀಚರು ಹೋಗೋ ಮುಂಚೆ ತೋರಿಸಿ ಬರ್ತೀನಿ."

"ಹಾಸ್ಟೆಲ್ಲು?" ಎಂದಳು ಅಚ್ಚಿನಕ್ಕ.

"ಇದು ಗಾಯ ಮಾಡದೇ ಇದ್ರೆ ಹಾಸ್ಟೆಲ್ ಯಾಕೆ?" ಎಂದಳು ಇಸ್ತ್ರಿಯವಳು. ಉಪಕಾರವಾಯಿತು ಎನ್ನಲಿಲ್ಲ. ಹೋದ ವರ್ಷ ಅಂದಿದ್ದಳು, ಫೋನಿನ ಮುಂದೆ, ಕಣ್ಣಲ್ಲಿ ನೀರು ತುಂಬಿಕೊಂಡು. ಈಗ ಮಗುವಿನ ಕೈ ಹಿಡಿದು ಬಿರಬಿರನೆ ನಡೆದಳು. ಬೀಗ ರಿಪೇರಿಯವನು ಏನನ್ನೋ ಕುಟ್ಟಿದಾಗ ಮಗು ತಿರುಗಿ ನೋಡಿತು, ಅವಳು ಜಗ್ಗಿ ಎಳೆದುಕೊಂಡು ಹೋದಳು.

ಹಲ್ಲಿನಣ್ಣನ ಅಂಗಡಿಗೆ ಆಗಲೇ ಒಬ್ಬ ಮುದುಕ ಬಂದು ಕೂತಿದ್ದ, ಮುರಿದ ಹಲ್ಲಿನ ಪಟ್ಟಿಯನ್ನು ಅಂಗೈಯಲ್ಲಿ ಹಿಡಿದು. ಮೋಟಾರು ಮತ್ತೆ ಶುರುವಾಯಿತು. ಅಚ್ಚಿನಕ್ಕ ಒಳಗೆ ಏನಾದರೂ ಕದಲುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದಳು. ಕದಲಲಿಲ್ಲ. ಕೈಗೆ ಕೆಲಸವಿರಲಿಲ್ಲ, ಬಸ್ಸು ನಾಳೆ. ಬೆಂಚಿನ ಮೇಲೆ ಗೋಡೆಗೆ ಒರಗಿ, ಸ್ವೆಟರನ್ನು ಎದೆಯ ತನಕ ಎಳೆದುಕೊಂಡಳು. ಅಷ್ಟು ಗಲಾಟೆಯಲ್ಲೂ ಅವಳಿಗೆ ಕೊರಡಿನಂಥ ನಿದ್ದೆ ಬಂತು. ಹಲ್ಲಿನಣ್ಣ ಒಮ್ಮೆ ತಿರುಗಿ ನೋಡಿದ, ಅವಳ ಕಾಲು ದಾಟಿಕೊಂಡು ಹೋಗಿ ಗಾರೆಯ ಚೀಲ ತಂದ.